ಕಿಟಕಿಯ ಸರಳಿಗೆ ಕಟ್ಟಿದ ಮೋಡೆಮ್

ಮಲೆನಾಡಿನ ತೋಟದ ಮನೆಯವರ ತಲೆಯಲ್ಲಿ ಒಂದು ನಕ್ಷೆ ಇರುತ್ತದೆ. ಜಗಲಿಯ ಎಡತುದಿಯಲ್ಲಿ ಎರಡು ಕಡ್ಡಿ, ಅಟ್ಟದ ಕಿಟಕಿಯಲ್ಲಿ ಮೂರು, ನಡುಮನೆಯಲ್ಲಿ ಬಂದರೆ ಬಂತು, ಅಡುಗೆಮನೆಯಲ್ಲಿ ಪೂರ್ತಿ ಸೊನ್ನೆ. ಕೊಟ್ಟಿಗೆಯ ಹಿಂದಿನ ದರೆ ಹತ್ತಿ ನಿಂತರೆ ವಿಡಿಯೋ ಕಾಲ್ ಕೂಡ ಆಗುತ್ತದೆ. ನೆಂಟರು ಬಂದರೆ ಕಾಲು ತೊಳೆಯುವ ಜಾಗ ತೋರಿಸಿದ ಬೆನ್ನಿಗೇ ಈ ನಕ್ಷೆಯನ್ನೂ ಹೇಳಿಬಿಡುತ್ತಾರೆ. ಮೊಬೈಲ್ ಸಿಗ್ನಲ್ಲನ್ನು ಘಟ್ಟದ ಮೇಲಿನವರು ‘ಟವರ್’ ಎನ್ನುತ್ತಾರೆ, ಕೆಳಗಿನವರು ‘ರೇಂಜ್’ ಎನ್ನುತ್ತಾರೆ.

ಇಂಥ ಮನೆಗೆ ಒಂದು ದಿನ ಯುಎಸ್‌ಬಿ ಮೋಡೆಮ್ ಬರುತ್ತದೆ. ಅಂಗಡಿಯವರ ಬಾಯಲ್ಲಿ ಅದು ಡೇಟಾ ಕಾರ್ಡ್, ಮಕ್ಕಳ ಬಾಯಲ್ಲಿ ಡಾಂಗಲ್. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಪ್ಲಾಸ್ಟಿಕ್ ತುಂಡಿಗೆ ಸಿಮ್ ಹಾಕಿ, ಒಳಕೋಣೆಯ ಕಂಪ್ಯೂಟರಿಗೆ ಚುಚ್ಚುತ್ತಾರೆ. ಏನೂ ಆಗುವುದಿಲ್ಲ. ಅಥವಾ ಆಗುತ್ತದೆ, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಬೈಗುಳವೆಲ್ಲ ಕಂಪನಿಯ ಪಾಲಾಗುತ್ತದೆ. ಆ ಬೈಗುಳ ಕೆಲವೊಮ್ಮೆ ನ್ಯಾಯವೇ. ಆದರೆ ಬಹಳ ಸಲ ತೊಡಕಿರುವುದು ಡಾಂಗಲ್ ಎಲ್ಲಿ ಕುಳಿತಿದೆ ಎಂಬುದರಲ್ಲಿ. ಸಾಫ್ಟ್‌ವೇರಿನ ಹತ್ತಾರು ಗುಂಡಿಗಳನ್ನು ಒತ್ತಿ ನೋಡುವವರು, ಅದನ್ನು ಹತ್ತು ಅಡಿ ಆಚೆ ಇಟ್ಟು ನೋಡುವುದನ್ನು ಮರೆಯುತ್ತಾರೆ.

ಆ ಹತ್ತು ಅಡಿಯ ಕಥೆಗೆ ಮೊದಲು, ಚುಚ್ಚಿದ ಕ್ಷಣದಲ್ಲಿ ಒಳಗೆ ಏನಾಗುತ್ತದೆ ಎಂದು ನೋಡಬೇಕು. ಕಂಪ್ಯೂಟರಿಗೆ ಡಾಂಗಲ್ ಹೇಳುವ ಮೊದಲ ಮಾತೇ ನಿಜವಲ್ಲ. ‘ನಾನೊಂದು ಸಿಡಿ ಡ್ರೈವ್’ ಎಂದು ಅದು ಪರಿಚಯ ಹೇಳಿಕೊಳ್ಳುತ್ತದೆ.

ಇದಕ್ಕೊಂದು ಕಾರಣವಿದೆ. ಮೋಡೆಮ್ ಕೆಲಸ ಮಾಡಬೇಕಾದರೆ ಕಂಪ್ಯೂಟರಿನಲ್ಲಿ ಅದರ ಡ್ರೈವರ್ ಇರಬೇಕು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ಟಿಗೆ ಮೋಡೆಮ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಆ ಸುತ್ತನ್ನು ಬಿಡಿಸಲು ತಯಾರಕರು ಮೋಡೆಮ್ಮಿನ ಒಳಗೇ ಒಂದಿಷ್ಟು ಜಾಗ ಮಾಡಿ, ಡ್ರೈವರನ್ನು ಅಲ್ಲಿ ತುಂಬಿ, ಆ ಜಾಗ ಸಿಡಿಯಂತೆ ಕಾಣುವ ಹಾಗೆ ಮಾಡಿದರು. ಬೆಲ್ಜಿಯಂನ ಆಪ್ಷನ್ ಎಂಬ ಕಂಪನಿ ಇದನ್ನು ‘ಜೀರೋಸಿಡಿ’ ಎಂದು ಕರೆಯಿತು. ಡ್ರೈವರ್ ಅಳವಟ್ಟ ಮೇಲೆ ಕಂಪ್ಯೂಟರಿನಿಂದ ಒಂದು ಸಣ್ಣ ಆಜ್ಞೆ ಹೋಗುತ್ತದೆ. ಡಾಂಗಲ್ ಸಿಡಿಯ ವೇಷ ಕಳಚಿ ಮೋಡೆಮ್ ಆಗಿ ಮತ್ತೆ ಹಾಜರಾಗುತ್ತದೆ. ಪ್ರತಿಯೊಂದು ಯುಎಸ್‌ಬಿ ಸಾಧನವೂ ತನ್ನ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆಯನ್ನು ಹೇಳಬೇಕೆಂಬ ನಿಯಮವಿರುವುದರಿಂದ ಈ ವೇಷಾಂತರವನ್ನು ಕಣ್ಣಾರೆ ನೋಡಬಹುದು. ಹುವಾವೆಯ ಹಲವು ಡಾಂಗಲ್‌ಗಳಲ್ಲಿ ಸಿಡಿ ವೇಷದ ಸಂಖ್ಯೆ 1446. ಕಳಚಿದ ಮೇಲೆ ಅದು 1001 ಅಥವಾ 1506 ಆಗುತ್ತದೆ.

ಲಿನಕ್ಸ್ ಬಳಸುವವರು ಈ ವೇಷದಿಂದ ವರ್ಷಗಟ್ಟಲೆ ಒದ್ದಾಡಿದರು. ಕಳಚು ಎನ್ನುವ ಆಜ್ಞೆ ಒಂದೊಂದು ಮಾದರಿಗೆ ಒಂದೊಂದು ಥರ, ಅದನ್ನು ತಯಾರಕರು ವಿಂಡೋಸ್‌ಗೆ ಮಾತ್ರ ಹೇಳಿಕೊಟ್ಟಿದ್ದರು. ಜರ್ಮನಿಯ ಜೋಶುವಾ ಡೀಟ್ಸೆ ಎಂಬ ಪ್ರೋಗ್ರಾಮರ್ ಆ ಆಜ್ಞೆಗಳನ್ನು ಒಂದೊಂದಾಗಿ ಕಲೆಹಾಕಿ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಉಚಿತ ಸಾಧನ ಕಟ್ಟಿದರು. ಇಂದು ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಡಾಂಗಲ್ ಚುಚ್ಚಿದ ಕೂಡಲೇ ಕೆಲಸಕ್ಕೆ ತೊಡಗಿದರೆ ಅದರ ಹಿಂದೆ ಈ ಶ್ರಮವಿದೆ. ದೊಡ್ಡ ಕಂಪನಿಗಳು ಬಿಟ್ಟುಹೋದ ಕಂದಕಗಳನ್ನು ಇಂಥ ಒಬ್ಬಿಬ್ಬರು ತುಂಬಿರುವುದು ಕಂಪ್ಯೂಟರ್ ಚರಿತ್ರೆಯ ಉದ್ದಕ್ಕೂ ಕಾಣುತ್ತದೆ; ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಸಿಡಿಯ ವೇಷದ ನಂತರದ್ದು ಟೆಲಿಫೋನಿನ ವೇಷ. 1981ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಸೆಕೆಂಡಿಗೆ 300 ಬಿಟ್ ಸಾಗಿಸುವ ‘ಸ್ಮಾರ್ಟ್‌ಮೋಡೆಮ್’ ತಂದರು. ಅದಕ್ಕೆ ಕಂಪ್ಯೂಟರ್ ಆಜ್ಞೆ ಕೊಡುವಾಗ ಪ್ರತಿ ಸಾಲೂ ಎ ಮತ್ತು ಟಿ ಎಂಬ ಎರಡು ಅಕ್ಷರಗಳಿಂದ ಶುರುವಾಗಬೇಕಿತ್ತು. ಅಟೆನ್ಷನ್ ಎಂಬುದರ ಮೊದಲಕ್ಷರಗಳು. ‘ಇಲ್ಲಿ ಕೇಳು’ ಎಂದಂತೆ. ಆಗ ತಂತಿಯ ಫೋನು, ಈಗ ಗಾಳಿಯ 4ಜಿ. ಆದರೂ ಇವತ್ತಿನ ಹಲವು ಡಾಂಗಲ್‌ಗಳಿಗೆ ‘ಎಟಿ’ ಎಂದು ಕಳುಹಿಸಿದರೆ ‘ಓಕೆ’ ಎಂಬ ಉತ್ತರ ಬರುತ್ತದೆ.

ಈ ಹಳೆಯ ಭಾಷೆ ರಿಪೇರಿಗೆ ಬಹಳ ಉಪಯೋಗ. ‘ಎಟಿ+ಸಿಪಿನ್?’ ಎಂದು ಕೇಳಿದರೆ ಸಿಮ್ ಸರಿಯಾಗಿ ಕುಳಿತಿದೆಯೇ, ಪಿನ್ ಕೇಳುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ‘ಎಟಿ+ಸಿಆರ್‌ಇಜಿ?’ ಎಂದರೆ ಟವರ್ ಒಳಗೆ ಬಿಟ್ಟುಕೊಂಡಿತೇ ಎಂಬುದು: ಉತ್ತರದ ಕೊನೆಯಲ್ಲಿ 1 ಬಂದರೆ ಮನೆಯ ನೆಟ್‌ವರ್ಕ್, 5 ಬಂದರೆ ರೋಮಿಂಗ್, 2 ಎಂದರೆ ಇನ್ನೂ ಹುಡುಕುತ್ತಿದೆ, 3 ಎಂದರೆ ನಿರಾಕರಿಸಿದೆ. ಈ ನಾಲ್ಕು ಅಂಕಿ ತಿಳಿದಿದ್ದರೆ ಅಂಗಡಿಗೆ ನಾಲ್ಕು ಸಲ ಓಡಾಡುವುದು ತಪ್ಪುತ್ತದೆ. ಆಜ್ಞೆ ಕೊಡುವ ರಗಳೆ ಬೇಡದವರಿಗೆ ದೀಪವಿದೆ. ಹುವಾವೆಯ 3ಜಿ ಡಾಂಗಲ್‌ಗಳಲ್ಲಿ ಹಸಿರು ದೀಪ ಎರಡೆರಡು ಸಲ ಮಿನುಗಿದರೆ ಜೀವ ಇದೆ, ನೆಟ್‌ವರ್ಕ್ ಸಿಕ್ಕಿಲ್ಲ. ಒಂದೊಂದೇ ಸಲ ಮಿನುಗುವ ಹಸಿರು 2ಜಿ, ನೀಲಿ 3ಜಿ. ಮಿನುಗದೆ ಸ್ಥಿರವಾಗಿ ಉರಿದರೆ ಸಂಪರ್ಕ ಆಗಿದೆ ಎಂದರ್ಥ.

ಟವರ್ ಯಾರನ್ನೂ ಸುಮ್ಮನೆ ಒಳಗೆ ಬಿಡುವುದಿಲ್ಲ. ಸಿಮ್ಮಿನಲ್ಲಿ 15 ಅಂಕಿಯ ಗುರುತು ಇರುತ್ತದೆ. ಮೊದಲ ಮೂರು ಅಂಕಿ ದೇಶ, ಭಾರತಕ್ಕೆ 404 ಮತ್ತು 405. ಮುಂದಿನವು ಕಂಪನಿ ಮತ್ತು ಟೆಲಿಕಾಂ ವೃತ್ತ. ಕರ್ನಾಟಕದ ಬಿಎಸ್‌ಎನ್‌ಎಲ್ ಸಿಮ್ 404-71 ಎಂದು ಶುರುವಾಗುತ್ತದೆ. ಜೊತೆಗೆ 128 ಬಿಟ್‌ನ ಒಂದು ಗುಟ್ಟಿನ ಕೀಲಿಸಂಖ್ಯೆ ಇದೆ. ಅದು ಸಿಮ್ಮಿನಲ್ಲಿ ಮತ್ತು ಕಂಪನಿಯ ಕೇಂದ್ರದಲ್ಲಿ ಮಾತ್ರ ಇರುತ್ತದೆ, ಗಾಳಿಯಲ್ಲಿ ಎಂದೂ ಹಾದುಹೋಗುವುದಿಲ್ಲ. ಕೇಂದ್ರ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳುಹಿಸುತ್ತದೆ. ಸಿಮ್ ಅದನ್ನು ತನ್ನ ಗುಟ್ಟಿನೊಂದಿಗೆ ಅರೆದು ಬಂದ ಫಲವನ್ನಷ್ಟೇ ಹಿಂದಿರುಗಿಸುತ್ತದೆ. ಕೇಂದ್ರ ಅದೇ ಲೆಕ್ಕವನ್ನು ತಾನೂ ಮಾಡಿ ತಾಳೆ ನೋಡುತ್ತದೆ. ಸಿಮ್ ಎಂಬ ಉಗುರಿನಷ್ಟು ಚೂರು ಒಂದು ಪುಟ್ಟ ಕಂಪ್ಯೂಟರ್ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಇನ್ನು ಎಪಿಎನ್. ಹೊಸ ಡಾಂಗಲ್ ಇದ್ದೂ ‘ಕನೆಕ್ಟ್ ಆಗ್ತಿಲ್ಲ’ ಎನ್ನುವವರಲ್ಲಿ ಬಹುಪಾಲು ಎಡವುವುದು ಇಲ್ಲಿ. ಟವರಿನ ಒಳಗೆ ಬಂದಾಯಿತು, ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೊರಡಬೇಕು ಎಂಬುದಕ್ಕೆ ಒಂದು ಹೆಸರು ಬೇಕು. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್’, ಜಿಯೋಗೆ ‘ಜಿಯೋನೆಟ್’. ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಡಯಲ್ ಮಾಡುವ ಸಂಖ್ಯೆ ಕೇಳಿದರೆ *99#. ಅದು ಯಾರ ಫೋನ್ ನಂಬರೂ ಅಲ್ಲ. ‘ಡೇಟಾ ಶುರುಮಾಡು’ ಎಂದು ಮೋಡೆಮ್ಮಿಗೆ ಕೊಡುವ ಸಂಜ್ಞೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಜಾಗಗಳನ್ನು ಸಾಮಾನ್ಯವಾಗಿ ಖಾಲಿ ಬಿಡಬಹುದು. ಹೊಸ ಪೀಳಿಗೆಯ ಡಾಂಗಲ್‌ಗಳು ಈ ಡಯಲಿಂಗ್ ನಾಟಕವನ್ನೇ ಬಿಟ್ಟಿವೆ. ಅವು ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸಿಕೊಳ್ಳುತ್ತವೆ, ಬ್ರೌಸರಿನಲ್ಲಿ 192.168.8.1 ಎಂಬಂಥ ವಿಳಾಸ ತೆರೆದರೆ ಅವುಗಳ ಸೆಟ್ಟಿಂಗ್ ಪುಟ ಬರುತ್ತದೆ. ಆ ಸಿಮ್ಮಿಗೆ ಬರುವ ರೀಚಾರ್ಜ್ ಸಂದೇಶ, ಒಟಿಪಿ ಎಲ್ಲವೂ ಅದೇ ಪುಟದಲ್ಲಿ ಸಿಗುತ್ತವೆ.

ಇಷ್ಟಾದರೂ ಹಸಿರು ದೀಪದಿಂದ ಮುಂದೆ ಹೋಗದಿದ್ದರೆ ಡಾಂಗಲ್‌ನ ವಯಸ್ಸನ್ನು ನೋಡಬೇಕು. 2009ರ ಆಸುಪಾಸಿನಲ್ಲಿ ಬೆಂಗಳೂರಿನ ಪಿಜಿಗಳಲ್ಲಿ, ಊರಿಗೆ ಹೊರಟ ಬಸ್ಸುಗಳಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿದ ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಕಾಣುತ್ತಿದ್ದವು. ಆಮೇಲೆ ಎಂಟಿಎಸ್ ಬಂತು. ಇವು ಸಿಡಿಎಂಎ ಪಂಗಡದವು, *99# ಬದಲು #777 ಡಯಲ್ ಮಾಡುತ್ತಿದ್ದವು. 2011ರ ಜನವರಿಯಲ್ಲಿ ಏರ್‌ಟೆಲ್ ದೇಶದಲ್ಲಿ ತನ್ನ 3ಜಿಯನ್ನು ಮೊದಲು ಬೆಂಗಳೂರಿನಲ್ಲೇ ಶುರುಮಾಡಿತು. 2012ರ ಮೇನಲ್ಲಿ, ಕೋಲ್ಕತ್ತದ ಮರುತಿಂಗಳೇ, ಬೆಂಗಳೂರಿಗೆ 4ಜಿ ಬಂತು. ಆಗ 4ಜಿ ಫೋನುಗಳು ಇನ್ನೂ ಅಂಗಡಿಗೆ ಬಂದಿರಲಿಲ್ಲ, ಮಾರಾಟಕ್ಕಿದ್ದದ್ದು ಡಾಂಗಲ್ ಮತ್ತು ಮನೆಯಲ್ಲಿಡುವ ಪೆಟ್ಟಿಗೆ. ಅಂದರೆ ಈ ರಾಜ್ಯದಲ್ಲಿ 4ಜಿ ಕಾಲಿಟ್ಟದ್ದು ಫೋನಿನಲ್ಲಿ ಅಲ್ಲ, ಯುಎಸ್‌ಬಿ ರಂಧ್ರದಲ್ಲಿ.

ಅವುಗಳಲ್ಲಿ ಬಹಳಷ್ಟು ಈಗ ಮೇಜಿನ ಖಾನೆಯಲ್ಲಿವೆ. ಸಿಡಿಎಂಎ ಸೇವೆಗಳು ಮುಚ್ಚಿಹೋದವು. ಅವು ಓಡಾಡುತ್ತಿದ್ದ 850 ಮೆಗಾಹರ್ಟ್ಸ್ ಸುತ್ತಿನ ತರಂಗಗಳ ಮೇಲೆ ಇಂದು 4ಜಿ ಹರಿಯುತ್ತಿದೆ. 2019-20ರ ಹೊತ್ತಿಗೆ ಏರ್‌ಟೆಲ್ ತನ್ನ 3ಜಿಯನ್ನು ನಿಲ್ಲಿಸಿತು. 2016ರಲ್ಲಿ ಬಂದ ಜಿಯೋ ಹುಟ್ಟಿನಿಂದಲೇ 4ಜಿ, ಅಲ್ಲಿ 2ಜಿ 3ಜಿ ಇಲ್ಲವೇ ಇಲ್ಲ. ಹಾಗಾಗಿ ಹಳೆಯ 3ಜಿ ಡಾಂಗಲ್‌ಗೆ ಜಿಯೋ ಸಿಮ್ ಹಾಕಿದರೆ ದೀಪ ಮಿನುಗುತ್ತಲೇ ಇರುತ್ತದೆ. ವಿದೇಶದಲ್ಲಿರುವ ಮಗ ಅಥವಾ ಅಳಿಯ ತಂದುಕೊಟ್ಟ ಡಾಂಗಲ್ ಆದರೆ ಇನ್ನೊಂದು ಪರೀಕ್ಷೆ ಇದೆ. ಇಲ್ಲಿನ 4ಜಿಗೆ ಮುಖ್ಯವಾದವು 850, 1800 ಮತ್ತು 2300 ಮೆಗಾಹರ್ಟ್ಸ್. ಪೆಟ್ಟಿಗೆಯ ಮೇಲೆ ಇವು ಬ್ಯಾಂಡ್ 5, 3 ಮತ್ತು 40 ಎಂದು ನಮೂದಾಗಿರುತ್ತವೆ. ಯೂರೋಪಿಗೆಂದೇ ಮಾಡಿದ ಸಾಧನದಲ್ಲಿ 5 ಮತ್ತು 40 ಇಲ್ಲದೆ ಇರಬಹುದು. 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಣೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 700 ಮೆಗಾಹರ್ಟ್ಸನ್ನೂ ಬಳಸುತ್ತದೆ, ಅದಕ್ಕೆ ಬ್ಯಾಂಡ್ 28 ಬೇಕು. ಆ ಟವರುಗಳ ರೇಡಿಯೋ ಉಪಕರಣ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್.

ಈಗ ಆ ಹತ್ತು ಅಡಿ.

ಸಿಗ್ನಲ್ಲನ್ನು ಅಳೆಯುವ ಆಜ್ಞೆ ‘ಎಟಿ+ಸಿಎಸ್‌ಕ್ಯು’. ಉತ್ತರವಾಗಿ 0ಯಿಂದ 31ರ ನಡುವಿನ ಅಂಕಿ ಬರುತ್ತದೆ. 99 ಬಂದರೆ ಅಳತೆ ಸಿಕ್ಕಿಲ್ಲ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ ಎಂಬ ಮಾನ ಸಿಗುತ್ತದೆ. 10 ಬಂದಿದೆ ಎನ್ನೋಣ: ಮೈನಸ್ 93 ಡಿಬಿಎಂ. ವ್ಯಾಟ್ ಲೆಕ್ಕಕ್ಕೆ ತಂದರೆ ಅದು ಒಂದು ವ್ಯಾಟಿನ 2 ಲಕ್ಷ ಕೋಟಿಯಲ್ಲಿ ಒಂದು ಪಾಲು. ಟವರ್ 20 ವ್ಯಾಟ್ ಹೊರಸೂಸುತ್ತಿದ್ದರೆ ಅದರ 40 ಲಕ್ಷ ಕೋಟಿಯಲ್ಲಿ ಒಂದು ಪಾಲನ್ನು ಹಿಡಿದು ಡಾಂಗಲ್ ಒಂದು ಸಿನಿಮಾ ತೋರಿಸುತ್ತದೆ. ಕಡ್ಡಿ ಎಣಿಸುವವರಿಗೆ ಈ ಅದ್ಭುತ ಕಾಣುವುದೇ ಇಲ್ಲ. ಕಡ್ಡಿಗಳನ್ನು ನಂಬಲೂಬಾರದು, ಯಾವ ಮಟ್ಟಕ್ಕೆ ಎಷ್ಟು ಕಡ್ಡಿ ಎಂಬುದು ತಯಾರಕರ ಇಚ್ಛೆ. ಡೆಸಿಬೆಲ್‌ನ ಲೆಕ್ಕವೋ ಎಲ್ಲ ಕಡೆ ಒಂದೇ: 3 ಹೆಚ್ಚಿದರೆ ಶಕ್ತಿ ಇಮ್ಮಡಿ, 10 ಹೆಚ್ಚಿದರೆ ಹತ್ತು ಪಟ್ಟು.

2300 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 13 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. 850ರದ್ದು 35 ಸೆಂಟಿಮೀಟರ್, ಹೆಚ್ಚುಕಡಿಮೆ ಮೂರು ಪಟ್ಟು. ಉದ್ದದ ಅಲೆ ಗುಡ್ಡದ ನೆತ್ತಿಯ ಮೇಲೆ ಸ್ವಲ್ಪ ಬಾಗಿ ಕಣಿವೆಗೆ ಇಳಿಯಬಲ್ಲದು, ಗೋಡೆಯನ್ನೂ ಸುಲಭವಾಗಿ ದಾಟೀತು. ಗಿಡ್ಡ ಅಲೆ ಗುಡ್ಡದ ಹಿಂದೆ ದಟ್ಟ ನೆರಳು ಬಿಡುತ್ತದೆ. ಮಲೆನಾಡಿನ ಹಳ್ಳಿಗಳು ಇರುವುದೇ ಕಣಿವೆಯ ತಳದಲ್ಲಿ, ನೀರು ಮತ್ತು ಅಡಿಕೆ ಇರುವಲ್ಲಿ. ಬಯಲುಸೀಮೆಯಲ್ಲಿ ಒಂದು ಟವರ್ ಹತ್ತು ಊರಿಗೆ ಕಾಣುತ್ತದೆ. ಇಲ್ಲಿ ಒಂದೇ ಊರಿನ ಎರಡು ಮನೆಗಳ ನಡುವೆ ಗುಡ್ಡ ಅಡ್ಡ ಬರುತ್ತದೆ. ಹೆಂಚಿನ ಮಾಡು ತರಂಗಗಳನ್ನು ಒಂದಿಷ್ಟಾದರೂ ಒಳಗೆ ಬಿಡುತ್ತದೆ, ಈಚೆಗೆ ಅದರ ಜಾಗಕ್ಕೆ ಬಂದಿರುವ ತಗಡಿನ ಶೀಟು ಕನ್ನಡಿಯಂತೆ ಹಿಂದಕ್ಕೆ ಹೊಡೆಯುತ್ತದೆ. ದಪ್ಪ ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಕುಡಿದರೆ ತರಂಗಕ್ಕೆ ಇನ್ನಷ್ಟು ಕಷ್ಟ.

ಒಂದೇ ಕೋಣೆಯೊಳಗೂ ಸಿಗ್ನಲ್ ಒಂದೇ ಸಮ ಇರುವುದಿಲ್ಲ. ಟವರಿನಿಂದ ಹೊರಟ ಅಲೆ ನೆಟ್ಟಗೆ ಬರುವ ಜೊತೆಗೆ ಗುಡ್ಡಕ್ಕೆ, ಗೋಡೆಗೆ, ಕಬ್ಬಿಣದ ಕಪಾಟಿಗೆ ಬಡಿದೂ ಬರುತ್ತದೆ. ಉಬ್ಬಿಗೆ ಉಬ್ಬು ಕೂಡಿದ ಜಾಗದಲ್ಲಿ ಸಿಗ್ನಲ್ ಬಲವಾಗುತ್ತದೆ, ಉಬ್ಬಿಗೆ ತಗ್ಗು ಕೂಡಿದಲ್ಲಿ ಕರಗಿಹೋಗುತ್ತದೆ. ಈ ಏರಿಳಿತಗಳ ನಡುವಿನ ದೂರ ತರಂಗದ ಉದ್ದದ ಸುಮಾರು ಅರ್ಧ; 2300ರಲ್ಲಿ ಆರೂವರೆ ಸೆಂಟಿಮೀಟರ್. ಅಂಗೈ ಅಗಲದಷ್ಟು ಸರಿಸಿದರೆ ಬೇರೆಯದೇ ಸಿಗ್ನಲ್ ಸಿಗುತ್ತದೆ ಎನ್ನುವ ಮನೆಮಂದಿಯ ಅನುಭವಕ್ಕೆ ಭೌತಶಾಸ್ತ್ರದ ಪೂರ್ತಿ ಬೆಂಬಲವಿದೆ.

ಆ ಅಂಗೈ ಅಗಲ ವೇಗವನ್ನು ಹೇಗೆ ಬದಲಿಸುತ್ತದೆ? ಡಾಂಗಲ್ ತನಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು ಟವರಿಗೆ ಮತ್ತೆಮತ್ತೆ ವರದಿ ಕೊಡುತ್ತಿರುತ್ತದೆ. 4ಜಿಯಲ್ಲಿ ಆ ವರದಿ 0ಯಿಂದ 15ರವರೆಗಿನ ಒಂದು ಅಂಕ. ಅಂಕ ಕಡಿಮೆಯಾದರೆ ಟವರ್ ಪ್ರತಿ ಸಂಕೇತದಲ್ಲಿ 2 ಬಿಟ್ ಮಾತ್ರ ತುಂಬಿ, ತಪ್ಪು ತಿದ್ದಲು ಬೇಕಾದ ಹೆಚ್ಚುವರಿ ಬಿಟ್‌ಗಳನ್ನು ಧಾರಾಳವಾಗಿ ಸೇರಿಸಿ ಕಳುಹಿಸುತ್ತದೆ. ಕಿವಿ ಮಂದವಾದ ಅಜ್ಜನಿಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳುವ ಹಾಗೆ. ಅಂಕ ಏರಿದರೆ 4 ಬಿಟ್, ಇನ್ನೂ ಏರಿದರೆ 6. ಹಾಗಾಗಿ ಮೂಲೆಯಿಂದ ಕಿಟಕಿಗೆ ಬಂದ ಡಾಂಗಲ್‌ನ ವೇಗ ಹತ್ತು ಪಟ್ಟು ಏರಿದರೂ ಆಶ್ಚರ್ಯಪಡಬೇಕಿಲ್ಲ.

ಸಂಜೆ ಹೊತ್ತಿಗೆ ನೆಟ್ ನಿಧಾನ ಎಂಬ ದೂರಿಗೂ ಕಾರಣವಿದೆ, 3ಜಿ ಕಾಲದಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. 3ಜಿಯಲ್ಲಿ ಎಲ್ಲರೂ ಒಂದೇ 5 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಏಕಕಾಲಕ್ಕೆ ಮಾತಾಡುತ್ತಾರೆ, ಒಬ್ಬರ ಮಾತು ಉಳಿದವರಿಗೆ ಗದ್ದಲ. ಮದುವೆ ಊಟದ ಪಂಕ್ತಿಯಲ್ಲಿ ಜನ ಹೆಚ್ಚಿದಂತೆ ಕೊನೆಯ ಎಲೆಯವರ ಕೂಗು ಬಡಿಸುವವರಿಗೆ ಕೇಳದು. ಹಾಗೆಯೇ ಬಳಕೆದಾರರು ಹೆಚ್ಚಿದಾಗ ಟವರಿನ ವ್ಯಾಪ್ತಿಯೇ ಕುಗ್ಗಿ, ಅಂಚಿನ ಮನೆಗಳು ಹೊರಗೆ ಬೀಳುತ್ತಿದ್ದವು. ರಾತ್ರಿ ಹನ್ನೊಂದರ ಮೇಲೆ ಮತ್ತೆ ಒಳಗೆ ಬರುತ್ತಿದ್ದವು. ಎಂಜಿನಿಯರುಗಳು ಇದನ್ನು ಕೋಶದ ಉಸಿರಾಟ ಎನ್ನುತ್ತಾರೆ.

ಹಾಗಾದರೆ ಮಾಡಬೇಕಾದ್ದು ಡಾಂಗಲ್ಲನ್ನು ಕಂಪ್ಯೂಟರಿನಿಂದ ಕಿತ್ತು ಅಟ್ಟದ ಕಿಟಕಿಗೆ ಒಯ್ಯುವುದು. ಇಲ್ಲಿ ಯುಎಸ್‌ಬಿ ಡಾಂಗಲ್‌ಗೆ ಒಂದು ಸಹಜ ಅನುಕೂಲವಿದೆ, ಅದನ್ನು ಸಾಕಷ್ಟು ಮಂದಿ ಬಳಸಿಕೊಂಡಿಲ್ಲ. ಆಂಟೆನಾವನ್ನು ಮಾತ್ರ ಮೇಲೆ ಇಟ್ಟು, ತೆಳುವಾದ ಆಂಟೆನಾ ಕೇಬಲ್ಲಿನಲ್ಲಿ ಸಿಗ್ನಲ್ ಇಳಿಸಿಕೊಂಡರೆ 2 ಗಿಗಾಹರ್ಟ್ಸ್ ಸುಮಾರಿನಲ್ಲಿ ಮೀಟರಿಗೆ ಒಂದು ಡೆಸಿಬೆಲ್‌ನಷ್ಟು ನಷ್ಟವಾಗುತ್ತದೆ. ಹತ್ತು ಮೀಟರಿಗೆ ಹತ್ತು ಡೆಸಿಬೆಲ್. ಹತ್ತರಲ್ಲಿ ಒಂಬತ್ತು ಪಾಲು ತಂತಿಯಲ್ಲೇ ಬಿಸಿಯಾಗಿ ಹೋಯಿತು. ಡಾಂಗಲ್ಲನ್ನೇ ಮೇಲಿಟ್ಟರೆ ರೇಡಿಯೋ ಕೆಲಸವೆಲ್ಲ ಕಿಟಕಿಯಲ್ಲೇ ಮುಗಿದು, ಕೆಳಗೆ ಇಳಿಯುವುದು ಸೊನ್ನೆ ಒಂದುಗಳು ಮಾತ್ರ. ಅವು ತಲುಪುತ್ತವೆ ಇಲ್ಲವೇ ತಲುಪುವುದಿಲ್ಲ, ಮಸುಕಾಗುವುದಿಲ್ಲ. ಒಂದು ಎಕ್ಸ್‌ಟೆನ್ಷನ್ ಕೇಬಲ್ಲಿನ ಖರ್ಚಿನಲ್ಲಿ ಇಷ್ಟು ಲಾಭ ತರುವ ಉಪಾಯ ಇನ್ನೊಂದಿಲ್ಲ.

ಆದರೆ ಕೇಬಲ್ ದಪ್ಪಗಿರಬೇಕು. ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, ಗರಿಷ್ಠ 500 ಮಿಲಿಆಂಪಿಯರ್. ಸಿಗ್ನಲ್ ದುರ್ಬಲವಾಗಿದ್ದಷ್ಟೂ ಡಾಂಗಲ್ ಟವರಿಗೆ ಕೇಳಿಸಲೆಂದು ಜೋರಾಗಿ ಕೂಗುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ. ಅಗ್ಗದ ಕೇಬಲ್ಲಿನೊಳಗೆ ಇರುವುದು 28 ಗೇಜಿನ ಎಳೆ, ಮೀಟರಿಗೆ ಸುಮಾರು 0.21 ಓಮ್. ಐದು ಮೀಟರ್ ಹೋಗಿ ಐದು ಮೀಟರ್ ವಾಪಸು ಬರಬೇಕಲ್ಲ, ಒಟ್ಟು 2.1 ಓಮ್. ಅರ್ಧ ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್‌ಗಿಂತ ಹೆಚ್ಚು ಕಳೆದು, ಡಾಂಗಲ್‌ಗೆ ನಾಲ್ಕೂ ಸಿಗುವುದಿಲ್ಲ. ಕನೆಕ್ಟ್ ಆದ ಕೂಡಲೇ ಕಂಪ್ಯೂಟರ್ ‘ಟಂಗ್’ ಎಂದು ಸಾಧನ ಕಳಚಿಹೋಯಿತು ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ. 20 ಗೇಜಿನ ಎಳೆ ಇದ್ದರೆ ನಷ್ಟ 0.2 ವೋಲ್ಟಿಗೂ ಕಡಿಮೆ. ಐದು ಮೀಟರ್ ದಾಟಬೇಕಾದರೆ ನಡುವೆ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕು. ಕಂಪ್ಯೂಟರಿನ ನೀಲಿ ಬಣ್ಣದ ಯುಎಸ್‌ಬಿ 3.0 ರಂಧ್ರದಿಂದಲೂ ದೂರವಿರುವುದು ಒಳ್ಳೆಯದು. ಅದರ ಕೇಬಲ್ ಮತ್ತು ಕನೆಕ್ಟರುಗಳಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಹೊಮ್ಮುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಪ್ರಕಟಿಸಿದೆ; ಬ್ಯಾಂಡ್ 40 ಅದರ ನೆರೆಮನೆ.

ಕಿಟಕಿಗೆ ಬಂದ ಡಾಂಗಲ್‌ಗೆ ಅಡುಗೆಮನೆಯೂ ನೆರವಾದೀತು. ನ್ಯೂಜಿಲೆಂಡಿನ ಸ್ಟಾನ್ ಸ್ವಾನ್ ಎಂಬ ಅಧ್ಯಾಪಕರು 2000ದ ದಶಕದಲ್ಲಿ, ಕರಿದ ತಿಂಡಿ ಎತ್ತುವ ಅಗಲವಾದ ಜಾಲರಿ ಸೌಟಿನ ನಡುವೆ ಯುಎಸ್‌ಬಿ ವೈಫೈ ಕಡ್ಡಿಯನ್ನು ಕೂರಿಸಿ ದೂರದ ಸಿಗ್ನಲ್ ಹಿಡಿದು ತೋರಿಸಿದರು. ಅದೇ ಭೌತಶಾಸ್ತ್ರ ಇಲ್ಲಿಗೂ ಸಲ್ಲುತ್ತದೆ. ಜಾಲರಿಯ ತೂತುಗಳು ತರಂಗದ ಉದ್ದಕ್ಕಿಂತ ಬಹಳ ಚಿಕ್ಕವಿದ್ದರೆ ಅಲೆಗೆ ಅದು ಗಟ್ಟಿ ಲೋಹವೇ. 30 ಸೆಂಟಿಮೀಟರ್ ಅಗಲದ ನಿಖರ ಪ್ಯಾರಾಬೋಲಾ ತಟ್ಟೆ 2300 ಮೆಗಾಹರ್ಟ್ಸ್‌ನಲ್ಲಿ ಸುಮಾರು 14 ಡೆಸಿಬೆಲ್ ವರ್ಧನೆ ಕೊಡಬಲ್ಲದು. ಸೌಟು, ಬಾಣಲೆಗಳ ಆಕಾರ ಅಷ್ಟು ನಿಖರವಲ್ಲ, ಅಷ್ಟು ಸಿಗುವುದಿಲ್ಲ, ಆದರೆ ಅದರಲ್ಲಿ ಕಾಲು ಪಾಲು ಸಿಕ್ಕರೂ ಶಕ್ತಿ ಇಮ್ಮಡಿ. ಡಾಂಗಲ್ ಎಲ್ಲಿರಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ: ಪಾತ್ರೆಯ ಆಳ ಅದರ ಬಾಯಗಲದ ಕಾಲು ಭಾಗವಿದ್ದರೆ ಅಲೆಗಳು ಕೂಡುವ ನಾಭಿ ಸರಿಯಾಗಿ ಬಾಯಿಯ ಮಟ್ಟಕ್ಕೆ ಬರುತ್ತದೆ. ಬಾಯಿ ಟವರಿನ ಕಡೆಗಿರಲಿ. ಟವರ್ ಎಲ್ಲಿದೆ ಎಂದು ಗೊತ್ತಿಲ್ಲದವರು ನಿಧಾನವಾಗಿ ತಿರುಗಿಸುತ್ತಾ ಪ್ರತಿ ಕೋನದಲ್ಲೂ ಅರ್ಧ ನಿಮಿಷ ನಿಂತು ಡಿಬಿಎಂ ಬರೆದುಕೊಳ್ಳಬೇಕು. ಮಾಪನ ತಡವಾಗಿ ಬದಲಾಗುವುದರಿಂದ ಅವಸರ ಮಾಡಿದರೆ ತಪ್ಪು ದಿಕ್ಕು ಸಿಗುತ್ತದೆ.

ಕಿಟಕಿಯಿಂದ ಇಳಿದ ಕೇಬಲ್ಲನ್ನು ಕಂಪ್ಯೂಟರಿಗೇ ಕೊಡಬೇಕೆಂದಿಲ್ಲ. ಯುಎಸ್‌ಬಿ ರಂಧ್ರವಿದ್ದು ಮೋಡೆಮ್ ಒಪ್ಪುವ ವೈಫೈ ರೂಟರಿಗೆ ಕೊಟ್ಟರೆ ಮನೆಯ ಎಲ್ಲ ಫೋನುಗಳಿಗೂ ನೆಟ್ ಹಂಚಿಕೆಯಾಗುತ್ತದೆ. ಕೊಳ್ಳುವ ಮುನ್ನ ಆ ರೂಟರ್ ತಮ್ಮ ಡಾಂಗಲ್‌ನ ಮಾದರಿಯನ್ನು ಬೆಂಬಲಿಸುವ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಆ ವೈಫೈಯನ್ನು ‘ಮೀಟರ್ಡ್’ ಎಂದು ಗುರುತು ಮಾಡದಿದ್ದರೆ ದಿನದ ಒಂದೂವರೆ ಜಿಬಿ ಅಪ್‌ಡೇಟಿಗೇ ಹೋಗಿಬಿಡಬಹುದು. ತೋಟಕ್ಕೆ ಕ್ಯಾಮೆರಾ ಹಾಕಿ ಬೆಂಗಳೂರಿನಿಂದ ನೋಡುವ ಆಸೆಯಿದ್ದವರಿಗೆ ಒಂದು ಎಚ್ಚರಿಕೆ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಡಾಂಗಲ್‌ನ ವಿಳಾಸ 10 ಅಥವಾ 100.64 ಎಂದು ಶುರುವಾಗಿದ್ದರೆ ಹೊರಗಿನಿಂದ ನೇರವಾಗಿ ಮನೆಯ ಬಾಗಿಲು ತಟ್ಟಲು ಬರುವುದಿಲ್ಲ. ತಾನೇ ಹೊರಗಿನ ಸರ್ವರಿಗೆ ಕರೆ ಮಾಡುವ ಜಾತಿಯ ಕ್ಯಾಮೆರಾ ಬೇಕು.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ನಾಡಿನ ಮನಸ್ಸನ್ನು ಕಲಕಿತ್ತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದರು. ಲಾಕ್‌ಡೌನಿನ ಆ ಎರಡು ವರ್ಷ ಮಲೆನಾಡು, ಕರಾವಳಿಯ ಮಕ್ಕಳು ಗುಡ್ಡ ಹತ್ತಿದರು, ಅಡಿಕೆ ದಬ್ಬೆಯ ಚಪ್ಪರ ಹಾಕಿಕೊಂಡರು, ಮರದ ಮೇಲೆ ಅಟ್ಟಣಿಗೆ ಕಟ್ಟಿದರು. ಎಲ್ಲಿ ಟವರಿನ ನೆರಳು ಪೂರ್ತಿ ದಟ್ಟವೋ ಅಲ್ಲಿ ಯಾವ ಡಾಂಗಲ್ಲೂ, ಯಾವ ಬಾಣಲೆಯೂ ಏನೂ ಮಾಡಲಾರದು. ಹೊಸ ಟವರೇ ಬೇಕು, ಅದನ್ನು ಕೇಳುವುದು ಊರಿನವರ ಹಕ್ಕು. ಆದರೆ ಮಾಡಿನ ಮೇಲೆ ಮೈನಸ್ 105 ಡಿಬಿಎಂ ಇದ್ದು ನಡುಮನೆಯಲ್ಲಿ ಏನೂ ಇಲ್ಲದ ಮನೆಗಳೂ ಇದ್ದವು. ಅಲ್ಲಿ ಐದು ಮೀಟರ್ ದಪ್ಪ ಕೇಬಲ್ ಒಂದು ಮಗುವನ್ನು ಮಳೆಯಿಂದ ಒಳಗೆ ಕರೆತರಬಹುದಿತ್ತು. ಅಷ್ಟು ಸಣ್ಣ ತಿಳಿವಳಿಕೆ ಪಂಚಾಯ್ತಿ ಕಚೇರಿಯ ಗೋಡೆಯ ಮೇಲೂ, ಶಾಲೆಯ ವಿಜ್ಞಾನ ಪಾಠದಲ್ಲೂ ಇರಬೇಕಿತ್ತು.

ಮಳೆ ಬಂದರೆ ನೆಟ್ ಹೋಗುತ್ತದೆ ಎನ್ನುವುದು ನಿಜ, ಆದರೆ ಹನಿಗಳು ಅದಕ್ಕೆ ಹೊಣೆಯಲ್ಲ. ಗಂಟೆಗೆ 100 ಮಿಲಿಮೀಟರ್ ಸುರಿಯುವ ಜಡಿಮಳೆಯೂ 2 ಗಿಗಾಹರ್ಟ್ಸ್ ತರಂಗದಿಂದ ಕಿಲೋಮೀಟರಿಗೆ 0.01 ಡೆಸಿಬೆಲ್‌ನಷ್ಟನ್ನು ಮಾತ್ರ ಕದಿಯುತ್ತದೆ. ಟವರಿನಿಂದ ಟವರಿಗೆ ಹೋಗುವ ಮೈಕ್ರೋವೇವ್ ಕೊಂಡಿ 15 ಗಿಗಾಹರ್ಟ್ಸ್‌ನಂಥ ಎತ್ತರದಲ್ಲಿದ್ದರೆ ಅದೇ ಮಳೆ ಕಿಲೋಮೀಟರಿಗೆ ಹಲವು ಡೆಸಿಬೆಲ್ ನುಂಗುತ್ತದೆ. ಒದ್ದೆ ಎಲೆಗಳ ದಟ್ಟ ತೋಟ ಇನ್ನೊಂದಿಷ್ಟು ತಡೆಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಕರೆಂಟು. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದಿರುತ್ತದೆ, ಟವರ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಮನೆಯ ರೂಟರ್ ಮತ್ತು ಡಾಂಗಲ್ ಸೇರಿ 8 ವ್ಯಾಟ್ ಬಳಸುತ್ತವೆ ಎಂದುಕೊಂಡರೆ, 12 ವೋಲ್ಟ್ 7 ಆಂಪಿಯರ್-ಅವರ್‌ನ ಒಂದು ಸಣ್ಣ ಬ್ಯಾಟರಿಯಲ್ಲಿ ಏಳೆಂಟು ಗಂಟೆ ತಳ್ಳಬಹುದು. ಟವರಿನ ಬ್ಯಾಟರಿ ಅದಕ್ಕಿಂತ ಮೊದಲೇ ಮುಗಿದರೆ, ಅಟ್ಟದ ಕಿಟಕಿಯ ಕತ್ತಲಲ್ಲಿ ಹಸಿರು ದೀಪ ಮತ್ತೆ ಎರಡೆರಡು ಸಲ ಮಿನುಗತೊಡಗುತ್ತದೆ.